ವಾಡಿಯ ಕೆಂಪು ಟೊಪ್ಪಿಗೆ ಮನೆತನ

ತಾಲ್ಲೂಕು ವರದಿಗಾರನ ಅರ್ಧ ಆಯುಷ್ಯ ಹೆಸರು ಬರೆದುಕೊಳ್ಳುವುದರಲ್ಲಿ ಹೋಗುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ನಂಬುವುದಿಲ್ಲ. ಗಣಿ, ಗಲಾಟೆ, ಅಪಘಾತ, ಚುನಾವಣೆ ಇವೇ ಕೆಲಸ ಅಂದುಕೊಂಡಿರುತ್ತಾರೆ. ಅವೂ ಹೌದು. ಆದರೆ ಗಲಾಟೆಯ ಸುದ್ದಿಯಲ್ಲಿ ಕಲ್ಲು ಬಿದ್ದದ್ದು ಯಾವ ಗಾಜಿಗೆ ಎಂಬುದು ತಪ್ಪಾದರೆ ಯಾರೂ ಕೇಳುವುದಿಲ್ಲ. ಹೆಸರು ತಪ್ಪಾದರೆ ನಾವು ಆಫೀಸಿನ ಬೀಗ ತೆಗೆಯುವ ಮುಂಚೆಯೇ ಬಂದು ಕಟ್ಟೆಯ ಮೇಲೆ ಕುಳಿತಿರುತ್ತಾರೆ.

ನಾನು ದುಡಿದದ್ದು ಕಲಬುರಗಿಯಿಂದ ಹೊರಡುತ್ತಿದ್ದ ಒಂದು ಜಿಲ್ಲಾ ಪತ್ರಿಕೆಗೆ. ನನ್ನ ಪಾಲಿಗೆ ಬಂದ ಸೀಮೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಸೇರಿದ ದಿನ ಸಂಪಾದಕರು ನನ್ನ ಓದಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರ ಹೆಸರು ಚನ್ನವೀರಪ್ಪ. ಸೇಡಂ ಕಡೆಯ ವ್ಯಾಪಾರಸ್ಥ ಲಿಂಗಾಯತರು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಕೆಂಪು ಪೆನ್ಸಿಲ್.

"ಯಾ ಊರು?"

"ದಂಡೋತಿ ಸರ್."

"ಮನಿ ಹೆಸರು?"

"ಅಂಬಿಗೇರ."

"ದೋಣಿ ನಡಸ್ತೀರೇನು?"

"ಮುತ್ಯಾ ನಡಸ್ತಿದ್ದ. ಈಗ ಕಾಗಿಣಾ ಮ್ಯಾಲ ಸೇತುವೆ ಆಗ್ಯಾದ. ಅಪ್ಪ ಹೊಲ ಮಾಡ್ತಾನ."

"ಅಂದ್ರ ದೋಣಿ ಹೋತು, ಹೆಸರು ಉಳೀತು. ಇಷ್ಟು ತಿಳಕೊಂಡಿ ಅಂದ್ರ ಈ ಕೆಲಸದಾಗ ಅರ್ಧ ತಿಳೀತು. ಕುಂದ್ರು."

ಅಷ್ಟೇ ಸಂದರ್ಶನ.

ಆಗ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಬರೆದ ಹಾಳೆ ಮಡಚಿ ಲಕೋಟೆಗೆ ಹಾಕಿ, ಕಲಬುರಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಅಲ್ಲಿ ನಿಲ್ದಾಣದಲ್ಲಿ ಪತ್ರಿಕೆಯ ಆಳು ಇಸಿದುಕೊಳ್ಳುವುದು. ಚಿಂಚೋಳಿ ಬಸ್ಸಿನ ಕಂಡಕ್ಟರ್ ಒಬ್ಬನಿಗೆ ದಾರಿಯಲ್ಲಿ ಲಕೋಟೆ ಒಡೆದು ಓದುವ ಚಟ. ಓದಿ, "ಇದ್ರಾಗ ನೀವು ತಹಶೀಲ್ದಾರಂದು ಬರಾಬರ್ ಬರದಿಲ್ರಿ, ನಾ ನೋಡಿದ್ದೇ ಬ್ಯಾರೆ" ಎಂದು ಮರುದಿನ ನನಗೇ ತಿದ್ದುಪಡಿ ಹೇಳುತ್ತಿದ್ದ. ಕೆಲವು ಸಲ ಅವನು ಹೇಳಿದ್ದೇ ಸರಿ ಇರುತ್ತಿತ್ತು. ಆಮೇಲೆ ಶಹಾಬಾದಿನ ಒಂದು ಅಂಗಡಿಗೆ ಫ್ಯಾಕ್ಸ್ ಬಂತು, ಆಮೇಲೆ ಕಂಪ್ಯೂಟರ್, ಆಮೇಲೆ ಎಲ್ಲರ ಜೇಬಿನ ಫೋನು. ಈಗ ಸುದ್ದಿ ಕ್ಷಣದಲ್ಲಿ ತಲುಪುತ್ತದೆ, ಒಳ್ಳೆಯದೇ. ಆದರೆ ಲಕೋಟೆಯ ಕಾಲದಲ್ಲಿ ಬಸ್ಸು ಬರುವ ತನಕ ಮತ್ತೊಮ್ಮೆ ಓದಿ ನೋಡಲು ಪುರಸತ್ತು ಸಿಗುತ್ತಿತ್ತು. ಆ ಪುರಸತ್ತು ನನಗೆ ಈಗಲೂ ನೆನಪಾಗುತ್ತದೆ. ಬೇವಿನ ಮರದ ಕೆಳಗೆ, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು, ಒಂದು ಹೆಸರಿನ ಕೆಳಗೆ ಗೆರೆ ಎಳೆದು, ಇದನ್ನು ಇನ್ನೊಬ್ಬರನ್ನು ಕೇಳಬೇಕಿತ್ತು ಅಂದುಕೊಳ್ಳುವ ಪುರಸತ್ತು.

ಹೆಸರಿನ ಮೊದಲ ಪಾಠ ಆದದ್ದು ಮುಧೋಳದಿಂದ. ಅದು ಸೇಡಂ ತಾಲ್ಲೂಕಿನ ಹೋಬಳಿ ಊರು, ಒಣಬೇಸಾಯದ ಸೀಮೆ. ಅಲ್ಲಿನ ಸಹಕಾರ ಸಂಘಕ್ಕೆ ಒಬ್ಬರು ಅಧ್ಯಕ್ಷರಾದರು. ಊರಲ್ಲಿ ಅದೇ ಹೆಸರಿನವರು ಇನ್ನೊಬ್ಬರಿದ್ದರು, ಇಬ್ಬರ ತಂದೆಯ ಹೆಸರೂ ಒಂದೇ. ಗೊಂದಲ ಬೇಡವೆಂದು ಅಲ್ಲಿನ ನಮ್ಮ ಬಿಡಿ ಸುದ್ದಿಗಾರ, ಊರವರು ಆ ಮನೆಯನ್ನು ಕರೆಯುವ ಅಡ್ಡಹೆಸರನ್ನೂ ಸೇರಿಸಿ ಕಳಿಸಿದ. ಹಾಗೇ ಅಚ್ಚಾಯಿತು. ಆ ಅಡ್ಡಹೆಸರು ನಾನು ಇಲ್ಲಿಯೂ ಬರೆಯುವುದಿಲ್ಲ. ಅಧ್ಯಕ್ಷರು ಪತ್ರಿಕೆ ಹಿಡಿದುಕೊಂಡು ನೇರ ಕಲಬುರಗಿಗೆ ಬಂದರು.

"ಊರಾಗ ಹಂಗ ಕರೀತಾರ, ಖರೆ ಅದ. ನನ್ನ ಹೇಣ್ತೀನೂ ಸಿಟ್ಟು ಬಂದ್ರ ಹಂಗೇ ಕರೀತಾಳ. ಪೇಪರ್‌ನಾಗ ಕರೀಲಿಕ್ಕ ನೀವು ನನ್ನ ಹೇಣ್ತೇನ್ರಿ?"

ಚನ್ನವೀರಪ್ಪನವರು ನಗಲಿಲ್ಲ. ಚಹಾ ತರಿಸಿದರು. ತಿದ್ದುಪಡಿ ಹಾಕುತ್ತೇವೆ ಎಂದರು. ಆದರೆ ಅಡ್ಡಹೆಸರನ್ನು ಮತ್ತೆ ಬರೆಯದೆ ತಿದ್ದುವುದು ಹೇಗೆ? ಕೊನೆಗೆ ಒಂದು ಸಾಲು ಹಾಕಿದರು: ನಿನ್ನೆಯ ಮುಧೋಳದ ಸುದ್ದಿಯಲ್ಲಿ ಒಬ್ಬರ ಹೆಸರಿನ ಜೊತೆ ಇರಬಾರದ ಪದವೊಂದು ಸೇರಿತ್ತು, ವಿಷಾದಿಸುತ್ತೇವೆ. ಆ ದಿನ ಮುಧೋಳದಲ್ಲಿ ಹಿಂದಿನ ದಿನದ ಪತ್ರಿಕೆಗಾಗಿ ಹುಡುಕಾಟವೇ ನಡೆಯಿತಂತೆ. ಅಧ್ಯಕ್ಷರು ಎರಡನೇ ಸಲ ಬಂದಾಗ ಸಂಪಾದಕರು ಹಿಂದಿನ ಬಾಗಿಲಿನಿಂದ ಹೊರಟರು.

ಸಂಜೆ ನಮ್ಮನ್ನೆಲ್ಲ ಕರೆದು ಹೇಳಿದರು. "ಒಬ್ಬ ಮನಷಾಗ ಎರಡು ಹೆಸರು ಇರ್ತಾವ. ಮಂದಿ ಕರಿಯೋದು ಒಂದು, ಅವ ಓ ಅನ್ನೋದು ಒಂದು. ನಾವು ಅಚ್ಚು ಹಾಕೋದು ಅವ ಓ ಅನ್ನೋದು."

ಆ ಘಟನೆಯಿಂದಲೇ ವಾರದ ಅಂಕಣವೊಂದು ಹುಟ್ಟಿತು. ಮನೆತನದ ಹೆಸರಿನ ಹಿಂದಿನ ಕಥೆ ಬರೆಯುವ ಅಂಕಣ. ಅದನ್ನು ನನಗೆ ಒಪ್ಪಿಸಿದರು. ಒಂದು ಕಟ್ಟಳೆ ಇತ್ತು: ಮನೆಯವರು ಹೇಳಿದ ಕಥೆಗೆ ಮನೆಯ ಹೊರಗಿನವರೊಬ್ಬರ ಮಾತು ಕೂಡಬೇಕು. ಕೂಡಿದರೆ ಅಚ್ಚು, ಇಲ್ಲದಿದ್ದರೆ ಇಲ್ಲ. ಚನ್ನವೀರಪ್ಪನವರು ನನ್ನ ಹಾಳೆ ನೋಡಿದ ಕೂಡಲೇ ಕೇಳುತ್ತಿದ್ದದ್ದು ಒಂದೇ. "ಹೊರಗಿನ ಬಾಯಿ ಎಲ್ಲದ?"

ಅಂಕಣ ಓಡಿತು. ಚಿತ್ತಾಪುರದವರು ಹಳೆಯ ರಾಜರ ದಂಡಿನಿಂದ ಬಂದೆವು ಎಂದರು. ಚಿಂಚೋಳಿ ಕಡೆಯವರು ತೆಲುಗು ಮನೆಹೆಸರು ಹಿಡಿದುಕೊಂಡು ವಾರಂಗಲ್ಲಿನ ಕೋಟೆ ತೋರಿಸಿದರು. ಹೊರಗಿನ ಬಾಯಿ ಹುಡುಕಿ ಹೋದರೆ ಎಷ್ಟೋ ಕೋಟೆಗಳು ಕುರಿದೊಡ್ಡಿಯಾಗುತ್ತಿದ್ದವು. "ಎಲ್ಲಾರ ಮುತ್ಯಾನೂ ಕುದುರಿ ಮ್ಯಾಲೇ ಬಂದಾನಲ್ಲೋ" ಎನ್ನುತ್ತಿದ್ದರು ಸಂಪಾದಕರು. "ಈ ಜಿಲ್ಲಾಕ್ಕ ನಡಕೋತ ಬಂದಾವ ಒಬ್ಬನೂ ಇಲ್ಲೇನು?"

ಈ ಅಂಕಣಕ್ಕಾಗಿಯೇ ನಾನು ವಾಡಿಯ ಡೊಮಿಂಗೊ ಎಚೆವೆರಿಯಾ ಅವರ ಮನೆಯ ಬಾಗಿಲು ತಟ್ಟಿದ್ದು.

ವಾಡಿ ರೈಲು ಕೂಡುವ ಊರು. ಸಿಮೆಂಟಿನ ಬೂದಿ ಬಣ್ಣ ಮರದ ಎಲೆಗಳ ಮೇಲೂ ಕೂತಿರುತ್ತದೆ. ನಿಜಾಮರ ಸೀಮೆಗೆ ಇಲ್ಲಿಂದ ರೈಲು ಹಾಕಿದ ಕಾಲದಿಂದ ಎಲ್ಲೆಲ್ಲಿಯ ಮಂದಿಯೋ ಇಲ್ಲಿ ಇಳಿದು ನೆಲೆ ನಿಂತರು. ಡೊಮಿಂಗೊ ಅವರದು ರೈಲ್ವೆ ಕಾಲೋನಿಯ ಕ್ಯಾಥೊಲಿಕ್ ಮನೆ. ಎಂಜಿನ್ ಚಾಲಕರಾಗಿ ನಿವೃತ್ತರಾದ ಮೇಲೆ ಪುರಸಭೆಗೆ ಪಕ್ಷೇತರರಾಗಿ ನಿಂತು ಗೆಲ್ಲುತ್ತ ಬಂದಿದ್ದರು. ಹೆಸರನ್ನು ಪೂರಾ ಹೇಳುವ ಗೋಜಿಗೆ ವಾಡಿಯಲ್ಲಿ ಯಾರೂ ಹೋಗುತ್ತಿರಲಿಲ್ಲ; ದುಮಿಂಗ್ ಸಾಬ್ ಎಂದರೆ ಗೊತ್ತು.

ಅವರು ಹಳೆಯ ಪದ್ಧತಿಯ ಮನುಷ್ಯ. ಚರ್ಚಿನಲ್ಲಿ ಬಲಿಪೂಜೆ ಕನ್ನಡಕ್ಕೆ ಬಂದು ಎಷ್ಟೋ ಕಾಲವಾಗಿದ್ದರೂ ಇವರು ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿ ಲ್ಯಾಟಿನ್ನಿನಲ್ಲೇ ಗುನುಗುತ್ತಿದ್ದರು. ಪಾದ್ರಿಗಳು ಒಮ್ಮೆ, "ದೇವರಿಗೆ ಎಲ್ಲಾ ಭಾಷಾ ಬರ್ತಾವ ದುಮಿಂಗ್" ಎಂದರಂತೆ. ಇವರು, "ಬರ್ತಾವ ಫಾದರ್. ಆದ್ರ ಹಳೇ ಪರಿಚಯದವರ ದನಿ ಕೇಳಿದ್ರ ಲಗೂ ತಿರಗಿ ನೋಡ್ತಾನ" ಎಂದರಂತೆ.

ಪಡಸಾಲೆಯ ಗೋಡೆಗೆ ಗಾಜಿನ ಪೆಟ್ಟಿಗೆ. ಅದರೊಳಗೆ ಅಂಚು ಸವೆದ, ಚಪ್ಪಟೆಯಾದ ಕೆಂಪು ಟೊಪ್ಪಿಗೆ. ಅದರ ಕಥೆಯೇ ಅವರ ಹೆಸರಿನ ಕಥೆ. ಸ್ಪೇನಿನಲ್ಲಿ ಒಂದು ಕಾಲಕ್ಕೆ ಗಾದಿಗಾಗಿ ರಾಜಮನೆತನದ ಎರಡು ಕವಲುಗಳ ನಡುವೆ ಯುದ್ಧವಾಯಿತು. ಸೋತ ಕವಲಿನ ಕಡೆ ನಿಂತವರು ಹಳೆಯ ಧರ್ಮ, ಹಳೆಯ ಅರಸು, ಊರೂರಿನ ಹಳೆಯ ರೂಢಿಯ ಹಕ್ಕು ಇವನ್ನು ಬಿಡಲೊಪ್ಪದ ಕಟ್ಟಾ ಕ್ಯಾಥೊಲಿಕರು. ಅವರನ್ನು ಕಾರ್ಲಿಸ್ಟರು ಎನ್ನುತ್ತಾರೆ. ಕೆಂಪು ಟೊಪ್ಪಿಗೆ ಅವರ ಗುರುತು. ಡೊಮಿಂಗೊ ಅವರ ಮನೆಯ ಮಾತಿನ ಪ್ರಕಾರ ಅವರ ಮುತ್ತಾತ ಆ ಪಂಗಡದ ಪರವಾಗಿ ಸ್ಪೇನಿನ ಸಂಸತ್ತಿನಲ್ಲಿ ಕುಳಿತವರು. ಸೋತ ಮೇಲೆ ದೇಶ ಬಿಟ್ಟು, ರೈಲು ಕಟ್ಟುವ ಕೆಲಸದ ಮೇಸ್ತ್ರಿಯಾಗಿ ವಾಡಿಗೆ ಬಂದವರು.

ಶಹಾಬಾದ ವಾಡಿ ಭಾಗದಲ್ಲಿ ಕಾರ್ಮಿಕ ಸಂಘಗಳ ಕೆಂಬಾವುಟ ಹಳೆಯದು. ಹೀಗಾಗಿ ಆ ಟೊಪ್ಪಿಗೆ ನೋಡಿದವರೆಲ್ಲ ಒಂದೇ ತಪ್ಪು ಮಾಡುತ್ತಿದ್ದರು. ನಾನೂ ಕೇಳಿದೆ, "ನಿಮ್ಮ ಹಿರಿಯರು ಕಾಮ್ರೇಡ್ ಇದ್ರೇನ್ರಿ?"

ಅವರು ಎದ್ದೇ ನಿಂತರು. "ಉಲ್ಟಾರೀ! ಪೂರಾ ಉಲ್ಟಾ! ಮೇ ದಿನ ಬಂತಂದ್ರ ಸಾಕು, ಯೂನಿಯನ್‌ನೋರು ಮೆರವಣಿಗಿಗೆ ಈ ಟೊಪ್ಪಿಗಿ ಕೊಡ್ರಿ ಅಂತ ಬಾಗಲಿಗೆ ಬರ್ತಾರ. ನನ್ನ ಮುತ್ಯಾ ಗೋರಿಯೊಳಗ ಮಗ್ಗಲಾ ಬದಲಸ್ತಿರಬೇಕು."

ಆದರೆ ಪುರಸಭೆಯಲ್ಲಿ ಅವರನ್ನು ಜನ ಗೆಲ್ಲಿಸುತ್ತಿದ್ದದ್ದೂ ಆ ಹಳೆ ವಿಚಾರದಿಂದಲೇ. ಒಮ್ಮೆ ವಾರದ ಸಂತೆಯನ್ನು ಸ್ಟೇಷನ್ ಮಗ್ಗುಲಿನಿಂದ ಎತ್ತಿ ಊರ ಹೊರಗೆ ಹಾಕಬೇಕೆಂದು ಮೇಲಿನಿಂದ ಆದೇಶ ಬಂತು. ಸಭೆಯಲ್ಲಿ ನಾನಿದ್ದೆ. ಡೊಮಿಂಗೊ ಎದ್ದು ಹೇಳಿದರು: "ನಮ್ಮ ಹಿರಿಯಾರ ದೇಶದಾಗ ಅರಸನೇ ಆದ್ರೂ ಊರಿಗಿ ಬಂದ್ರ ಮೊದಲು ಮರದ ಕೆಳಗ ನಿಂತು ಆ ಊರಿನ ರೂಢಿ ಮುರಿಯಂಗಿಲ್ಲ ಅಂತ ಆಣೆ ಮಾಡಬೇಕಿತ್ತು. ಇಲ್ಲಿ ಒಂದು ಕಾಗದ ಬಂದದ, ಅರಸನೂ ಬಂದಿಲ್ಲ." ಸಂತೆ ಅಲ್ಲಿಯೇ ಉಳಿಯಿತು. ತರಕಾರಿ ಮಾರುವ ಬಾಗವಾನರು, ಕಿರಾಣಿಯ ಲಿಂಗಾಯತರು, ಮೀನು ತರುವ ನಮ್ಮ ನದೀದಂಡೆಯ ಹೆಂಗಸರು, ಎಲ್ಲರಿಗೂ ಅಂದಿನಿಂದ ಸ್ಪೇನಿನ ಅರಸ ಗೊತ್ತು.

ಕಥೆ ಬರೆದೆ. ಸಂಪಾದಕರು ಓದಿ ಪಕ್ಕಕ್ಕಿಟ್ಟರು. "ಭಾಳ ಚಂದ ಅದ. ಹೊರಗಿನ ಬಾಯಿ?"

"ಸ್ಪೇನಿಗಿ ಹೋಗ್ಲೇನ್ ಸರ್?"

"ಹೋಗಬ್ಯಾಡ. ಕಾಯಿ."

ಕಾದೆ. ಬರೆದದ್ದು ವರ್ಷಗಟ್ಟಲೆ ಕಪಾಟಿನಲ್ಲಿ ಕೂತಿತು. ಇಂಟರ್ನೆಟ್ ಬಂದ ಮೇಲೆ ಡೊಮಿಂಗೊ ತಾವೇ ಅದೇ ಹೆಸರಿನವರೊಬ್ಬರನ್ನು ಹುಡುಕಿ ಮಾತು ಬೆಳೆಸಿದರು. ಅವರು ರಾಮೋನ್ ಎಚೆವೆರಿಯಾ, ಸ್ಪೇನಿನ ಉತ್ತರದ ಗುಡ್ಡಗಾಡಿನ ಒಂದು ಪಟ್ಟಣದವರು, ಅಲ್ಲಿನ ಸಣ್ಣದೊಂದು ಸಂಪ್ರದಾಯವಾದಿ ಪಕ್ಷದ ಮುಖಂಡ. ಮನೆಯಲ್ಲಿ ಇಂಡಿಯಾಕ್ಕೆ ಹೋಗಿ ಅಲ್ಲೇ ತೀರಿಕೊಂಡ ಹಿರಿಯರೊಬ್ಬರ ನೆನಪು ಉಳಿದಿತ್ತಂತೆ. ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ, ಪುರಸಭೆ ಚುನಾವಣೆಯ ಪ್ರಚಾರ ಕಾವೇರಿದ್ದಾಗ, ಆ ಮನುಷ್ಯ ತಮ್ಮ ಹಿರಿಯರ ಸಮಾಧಿ ನೋಡಲು ವಾಡಿಗೆ ಬಂದಿಳಿದರು.

ಆ ಸಲ ಡೊಮಿಂಗೊ ಅವರ ಎದುರು ನಿಂತವರು ಶರಣಗೌಡ, ನೆಲಕ್ಕೆ ಹಾಸುವ ಪರಸಿಕಲ್ಲಿನ ವ್ಯಾಪಾರಿ. ಕೆಟ್ಟವರಲ್ಲ, ಆದರೆ ಗೆಲ್ಲಲೇಬೇಕೆಂದು ನಿಂತವರು. ಅವರ ಪ್ರಚಾರವೆಲ್ಲ ಒಂದೇ ಮಾತಿನ ಮೇಲೆ: "ಸ್ಪೇನ್ ಸಾಬ್‌ಗ ಭಾಳ ದಿನ ಹಾಕಿದ್ರಿ. ಈ ಸರ್ತಿ ಈ ಮಣ್ಣಿನ ಮಗಗ ಹಾಕ್ರಿ." ಡೊಮಿಂಗೊ ಅವರ ವಾರ್ಡಿನಲ್ಲಿ ಈ ಮಾತು ಮೊದಲ ಸಲ ನಾಟತೊಡಗಿತ್ತು. ಅಂಥ ಹೊತ್ತಿಗೆ ಪ್ಲಾಟ್‌ಫಾರ್ಮಿನ ಮೇಲೆ ಕೆಂಪು ಟೊಪ್ಪಿಗೆ ಹಾಕಿಕೊಂಡು ಒಬ್ಬ ಖುದ್ದು ಸ್ಪೇನಿನವನು ಇಳಿದರೆ? ಡೊಮಿಂಗೊ ಎರಡೂ ಕೈ ಚಾಚಿ ತಬ್ಬಿಕೊಂಡರು. ಆ ಫೋಟೋ ಸಂಜೆಯೊಳಗೆ ಎಲ್ಲ ಫೋನುಗಳಲ್ಲಿತ್ತು, ಕೆಳಗೆ ಶರಣಗೌಡರ ಕಡೆಯವರ ಒಕ್ಕಣೆ: ನೋಡ್ರಿ, ಬೀಗರು ಬಂದ್ರು.

ರಾಮೋನ್ ಒಳ್ಳೆಯ ಮಾತುಗಾರ. ಇಂಗ್ಲಿಷಿನಲ್ಲಿ ನಿಧಾನ ಮಾತಾಡುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ಹಾಕಿಸಿಕೊಂಡರು. ನಿಮ್ಮ ಪಕ್ಷ ಗೆಲ್ಲುತ್ತದೆಯೇ ಎಂದು ಕೇಳಿದೆ. ಸೋಲುವುದರಲ್ಲಿ ನಮ್ಮಷ್ಟು ಅನುಭವ ಯಾರಿಗೂ ಇಲ್ಲ ಎಂದು ನಕ್ಕರು. ಸಂಸತ್ತಿನಲ್ಲಿದ್ದ ತಮ್ಮ ಮುತ್ತಾತನ ಬಗ್ಗೆ ಹೇಳಿದರು. ಆತ ಊರಲ್ಲೊಂದು ಪುಟ್ಟ ಪತ್ರಿಕೆಯನ್ನೂ ನಡೆಸುತ್ತಿದ್ದನಂತೆ, ಸರಕಾರ ಮುಚ್ಚಿಸಿದಾಗಲೆಲ್ಲ ಬೇರೆ ಹೆಸರಿನಲ್ಲಿ ಮತ್ತೆ ಹೊರಡಿಸುತ್ತಿದ್ದನಂತೆ. ಎಚೆವೆರಿಯಾ ಅಂದರೆ ಅವರ ಸೀಮೆಯ ಹಳೆಯ ಭಾಷೆಯಲ್ಲಿ ಹೊಸ ಮನೆ ಎಂದು ಅರ್ಥವಂತೆ. ಹೀಗೆಂದ ಕೂಡಲೇ ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಎಲಾ ಇವನ! ನಮ್ಮ ಹೊಸಮನಿಯವರು!" ಸೇಡಮ್ಮಿನಿಂದ ಚಿಂಚೋಳಿ ತನಕ ಹೊಸಮನಿಯವರಿಲ್ಲದ ಊರಿಲ್ಲ.

ಮರುದಿನ ಬೆಳಿಗ್ಗೆ ಸಮಾಧಿ ಸ್ಥಳಕ್ಕೆ ಹೋದೆವು. ಹಳೆಯ ಮೇಸ್ತ್ರಿಯ ಗೋರಿ ಮೂಲೆಯಲ್ಲಿ, ಅದರ ಮಗ್ಗುಲಿಗೆ ಸಾಲಾಗಿ ಡೊಮಿಂಗೊ ಅವರ ಮನೆತನದವರ ಗೋರಿಗಳು, ಎಲ್ಲದರ ಮೇಲೂ ಶಹಾಬಾದ ಕಲ್ಲಿನ ಅಗಲ ಹಾಸು. ರಾಮೋನ್ ಟೊಪ್ಪಿಗೆ ತೆಗೆದು ಮೊಣಕಾಲೂರಿದರು. ಎದ್ದ ಮೇಲೆ ಗೌರವದಿಂದಲೇ ಹೇಳಿದರು: "ಸಂಸತ್ತಿನಲ್ಲಿದ್ದ ನಮ್ಮ ಮುತ್ತಾತನ ತಮ್ಮ ಇವನು. ತನ್ನ ರಾಜ ಮರಳಿ ಗಾದಿಗೆ ಬರುವ ತನಕ ಮದುವೆಯಾಗುವುದಿಲ್ಲ ಎಂದು ಹರಕೆ ಹೊತ್ತಿದ್ದ. ರಾಜ ಮರಳಲಿಲ್ಲ."

ಡೊಮಿಂಗೊ ಮುಖ ನೋಡಿದೆ. ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕನ್ನಡದಲ್ಲಿ, ನನ್ನನ್ನೇ ಕೇಳುವಂತೆ, "ಲಗ್ನಾನೇ ಆಗಿದ್ದಿಲ್ಲ?" ಎಂದರು.

ಮಕ್ಕಳಿಲ್ಲದವನಿಗೆ ಮೊಮ್ಮಕ್ಕಳೆಲ್ಲಿಂದ? ರಾಮೋನ್‌ಗೂ ತಾನು ಏನು ಹೇಳಿದೆನೆಂಬುದು ಆಗ ಹೊಳೆಯಿತು. ಡೊಮಿಂಗೊ ಅವರ ಭುಜದ ಮೇಲೆ ಕೈಯಿಟ್ಟರು. ಅದೇ ಸಂಜೆ ರೈಲು ಹತ್ತಿದರು. ಹೊರಡುವಾಗ ಡೊಮಿಂಗೊ ಅವರನ್ನು ಸಹೋದರ ಎಂದೇ ಕರೆದರು. 

ನನಗೆ ಹೊರಗಿನ ಬಾಯಿ ಸಿಕ್ಕಿತ್ತು, ಅದು ಮನೆಯ ಮಾತನ್ನು ಒಡೆದಿತ್ತು. ಹಾಗಾದರೆ ಈ ಹೆಸರು ಇವರಿಗೆ ಎಲ್ಲಿಂದ ಬಂತು? ನನ್ನ ತಲೆಯಲ್ಲಿ ಉಳಿದದ್ದು ಆ ಹಾಸುಗಲ್ಲುಗಳು. ಅವುಗಳ ಬಗ್ಗೆ ಡೊಮಿಂಗೊ ಹಿಂದೊಮ್ಮೆ ಹೆಮ್ಮೆಯಿಂದ ಹೇಳಿದ್ದರು: ತಮ್ಮ ಮನೆಯಲ್ಲಿ ಯಾರು ತೀರಿಕೊಂಡರೂ ಭಂಕೂರದ ಕಲ್ಲು ಒಡೆಯುವ ಮನೆಯೊಂದು ತಾನಾಗಿ ಕಲ್ಲು ತಂದು ಹಾಸಿ ಹೋಗುತ್ತದೆ, ಬೆಲೆ ಕೇಳುವುದಿಲ್ಲ. ಮುತ್ಯಾ ಯಾವುದೋ ಕಾಲದಲ್ಲಿ ಅವರಿಗೆ ಉಪಕಾರ ಮಾಡಿದ್ದಕ್ಕೆ ಹೀಗೆ ಎಂದು ಇವರ ನಂಬಿಕೆ.

ಭಂಕೂರ ಶಹಾಬಾದಿನ ಹತ್ತಿರದ ಊರು. ಆ ಮನೆಯ ಹಿರಿಯಳು ನಾಗಮ್ಮ. ಅಂಗಳದ ತುಂಬ ಪರಸಿಕಲ್ಲು, ಅದರ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು.

"ಪೇಪರ್‌ನಾವ ಅದಿ? ನಮ್ಮ ಗಣಿ ಧೂಳಿಂದು ಬರೀತಿ ಏನು?"

"ಇಲ್ಲ ಆಯಿ. ವಾಡಿ ದುಮಿಂಗ್ ಸಾಬ್ರ ಮನಿಗಿ ನೀವು ಕಲ್ಲು ಕೊಡ್ತೀರಂತಲ್ಲ, ಯಾಕ ಅಂತ ಕೇಳ್ಲಿಕ್ಕ ಬಂದೆ."

"ಯಾಕಂದ್ರ? ಸತ್ತವರಿಗಿ ಕಲ್ಲು ಬ್ಯಾಡೇನು?"

"ಎಲ್ಲಾರಿಗೂ ಹಂಗೇ ಕೊಡ್ತೀರೇನು?"

ಅವಳು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. "ಎಲ್ಲಾರಿಗಿ ಕೊಟ್ಟ ನಾ ಮಣ್ಣು ತಿನ್ಲೇನು? ಮಂದೀಗಿ ಮಾರ್ತೀವಿ. ನಮ್ಮೋರಿಗಿ ಹೊತ್ತು ಒಯ್ದು ಹಾಸ್ತೀವಿ. ನಮ್ಮ ಮನ್ಯಾಗ ಮೊದಲಿಂದ ಹಂಗೇ."

"ಅವರು ನಿಮ್ಮೋರಾ?"

"ಆಗಿದ್ರು" ಎಂದಳು. ಆಮೇಲೆ ಹೇಳಿದಳು. ರೈಲು ಹಾಕುವಾಗ ಅವರ ಮನೆಯ ಭೀಮಣ್ಣ ಎಂಬವನು ಸ್ಪೇನಿನ ಮೇಸ್ತ್ರಿಯ ಕೈಕೆಳಗೆ ಕಲ್ಲು ಒಡೆಯಲು ಹೋದ. ಇಬ್ಬರಿಗೂ ಜೀವ ಕೂಡಿತು. ಮೇಸ್ತ್ರಿಗೆ ಜ್ವರ ಬಂದು ಮಲಗಿದಾಗ ಆರೈಕೆ ಮಾಡಿದವನು ಭೀಮಣ್ಣ. ಮುಂದೆ ಭೀಮಣ್ಣ ಕಿರಿಸ್ತಾನನಾದಾಗ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ಆ ಮೇಸ್ತ್ರಿ. ಧರ್ಮತಂದೆಯ ಮನೆತನದ ಹೆಸರು ಧರ್ಮಪುತ್ರನಿಗೆ ಬರುವುದು ಆ ಕಾಲದ ರೂಢಿ. ಹೆಸರಿನ ಜೊತೆ ಟೊಪ್ಪಿಗೆ ಬಂತು, ಟೊಪ್ಪಿಗೆಯ ಜೊತೆ ಅದರ ಕಥೆಗಳೂ ಬಂದವು. ಧರ್ಮತಂದೆಯ ಅಣ್ಣನ ಸಂಸತ್ತು ಮೂರು ತಲೆಮಾರು ಬಾಯಿಂದ ಬಾಯಿಗೆ ದಾಟಿ ತಮ್ಮದೇ ಮುತ್ತಾತನ ಸಂಸತ್ತಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ.

"ಇದನ್ನ ಅವರಿಗಿ ಯಾಕ ಹೇಳಿಲ್ಲ ಆಯಿ?"

"ಬ್ಯಾರೆ ಗುರುವಿನ ಮನಿ ಸೇರಿದಾವಗ, ಮೊದಲ ನೀ ಇಂಥಾವ ಇದ್ದಿ ಅಂತ ನೆನಪು ಮಾಡಿಕೊಡಬಾರದು. ನಮ್ಮ ಹಿರ್ಯಾರು ಹೇಳ್ಯಾರ. ಮಾತು ಬ್ಯಾಡ, ಕಲ್ಲು ತಪ್ಪಸಬ್ಯಾಡ ಅಂದಾರ." ಬಾಯಲ್ಲಿದ್ದುದನ್ನು ಉಗುಳಿ ಬಂದಳು. "ನೀ ಕೇಳ್ದಿ, ಹೇಳ್ದೆ. ಬರಿ ಅಂತ ಅನ್ನಂಗಿಲ್ಲ, ಬರೀಬ್ಯಾಡ ಅಂತಾನೂ ಅನ್ನಂಗಿಲ್ಲ. ಅವನ್ನ ಕೇಳು."

ಮತದಾನಕ್ಕೆ ಕೆಲವೇ ದಿನ ಇತ್ತು. ನಾನು ಸಂಪಾದಕರಿಗೆ ಎಲ್ಲ ಒಪ್ಪಿಸಿದೆ. ಈ ಕಥೆಗೆ ಈಗ ಮನೆಯ ಬಾಯಿ, ಹೊರಗಿನ ಬಾಯಿ, ದೇಶದಾಚೆಯ ಬಾಯಿ ಎಲ್ಲ ಕೂಡಿದ್ದವು. ಅಚ್ಚಾದರೆ ಶರಣಗೌಡರ ಪ್ರಚಾರ ಒಂದೇ ಬೆಳಿಗ್ಗೆಯಲ್ಲಿ ಮುಗಿಯುತ್ತಿತ್ತು. ಸ್ಪೇನಿನವನೆಂದು ದೂರಿದ ಮನುಷ್ಯ ಭಂಕೂರದವನು, ಈ ಮಣ್ಣಿಗಿಂತ ಕೆಳಗಿನ ಕಲ್ಲಿನಿಂದಲೇ ಬಂದವನು.

ಚನ್ನವೀರಪ್ಪನವರು ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಸಂಪಾದಕ ಅಂತ ಕೇಳ್ದಿ ಅಂದ್ರ ಇದು ಮೊದಲ ಪುಟ. ಲಿಂಗ ಕಟ್ಟಿಕೊಂಡಾವ ಅಂತ ಕೇಳ್ದಿ ಅಂದ್ರ, ನಮ್ಮಲ್ಲಿ ದೀಕ್ಷಾ ಆದವನ ಹಿಂದಿನ ಕುಲ ಕೇಳೋದು ಭಾಳ ದೊಡ್ಡ ತಪ್ಪು. ಬಸವಣ್ಣನವರನ್ನ ನಂಬಿ ಇದನ್ನ ನಾ ಹ್ಯಾಂಗ ಬಗೀಲಿ?" ಪೆನ್ಸಿಲ್ ಎತ್ತಿ ಮತ್ತೆ ಕಿವಿಯ ಮೇಲಿಟ್ಟುಕೊಂಡರು. "ಇದು ಚುನಾವಣಿ ಸುದ್ದಿ ಅಲ್ಲ, ಒಬ್ಬನ ಹೆಸರಿನ ಸುದ್ದಿ. ಯಾವಾಗ ಹಾಕಬೇಕು ಅನ್ನೋದು ಅವನೇ ಹೇಳ್ಲಿ. ಹಾಕಬ್ಯಾಡ ಅಂದ್ರ ಅದೂ ಆತು."

ನಾನು ವಾಡಿಗೆ ಹೋದಾಗ ಡೊಮಿಂಗೊ ಒಬ್ಬರೇ ಇದ್ದರು. ಪ್ರಚಾರಕ್ಕೆ ಹೋಗಿರಲಿಲ್ಲ. "ಕುಂದ್ರಿ" ಎಂದರು. ನಾನು ಕೇಳಿದ್ದನ್ನು ಕೇಳಿದಂತೆಯೇ ಹೇಳಿದೆ, ಒಂದು ಪದ ಹೆಚ್ಚಿಗೆ ಸೇರಿಸಲಿಲ್ಲ. ಅರ್ಧದಲ್ಲಿ ಒಮ್ಮೆ ಸಿಟ್ಟಿನಿಂದ, "ಆ ಮುದುಕಿಗಿ ಏನ ಮಾಲೂಮ್?" ಎಂದರು. ಮುಗಿಯುವ ಹೊತ್ತಿಗೆ ಸಿಟ್ಟು ಇಳಿದಿತ್ತು. ತಮ್ಮ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಅಂದ್ರ ನಮ್ಮ ಮುತ್ಯಾ ಕಲ್ಲು ಒಡೀತಿದ್ದ."

"ಹೌದ್ರಿ."

"ನಾ ಸಣ್ಣಾವ ಇದ್ದಾಗ ಅವರು ಕಲ್ಲು ಹಾಸಿ ಹೋಗೋ ಮುಂದ ನಮ್ಮ ಮನ್ಯಾಗ ನೀರು ಕುಡೀತಿದ್ದಿಲ್ಲ. ನಮ್ಮನ್ನ ಭಾಳ ದೊಡ್ಡವರು ಅಂತ ತಿಳಕೊಂಡಾರ, ನಾಚತಾರ ಅಂತ ನಾ ತಿಳಕೊಂಡಿದ್ದೆ. ತಮಗೂ ಸೂತಕ ಅಂತ ಕುಡೀತಿದ್ದಿಲ್ಲೇನೋ. ತಮ್ಮ ಮನ್ಯಾಗ ಸತ್ತಂಗ."

ಇಂಥ ಹೊತ್ತಿನಲ್ಲಿ ಮಾತಾಡುವ ವರದಿಗಾರ ಅರ್ಧ ಸುದ್ದಿ ಕಳೆದುಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನ ಮನೆಯಲ್ಲಿ ಕೂಡುವ ಯೋಗ್ಯತೆಯನ್ನೂ ಕಳೆದುಕೊಳ್ಳುತ್ತಾನೆ.

ಕೊನೆಗೆ ಅವರೇ, "ಬರೀರಿ" ಎಂದರು. "ಭೀಮಣ್ಣಂದು ಪೂರಾ ಬರೀರಿ, ಒಂದೂ ಬಿಡಬ್ಯಾಡ್ರಿ. ಆದ್ರ ಮತದಾನ ಆಗಿ, ಎಣಿಕಿ ಮುಗದ ಮ್ಯಾಲ."

"ಈಗ ಹಾಕಿದ್ರ ಗೆಲ್ತೀರಿ ಸಾಬ್."

"ಗೊತ್ತದ."

"ಆಮ್ಯಾಲ ಹಾಕಿದ್ರ ಸೋಲ್ತೀರಿ."

"ಅದೂ ಗೊತ್ತದ ಬಿಡ್ರಿ. ಆ ಸಾಬ್ ಮಕ್ಕಳಿಲ್ಲದಾವ, ತನ್ನ ಹೆಸರು ನಮಗ ಕೊಟ್ಟ. ಒಂದು ಮೆಂಬರ್ ಕುರ್ಚಿ ಸಲುವಾಗಿ ಅದನ್ನ ಕಳಚಿ ಬಾಗಲದಾಗ ಇಡ್ಲೇನು?"

ನಾನು ಬಸ್ಸಿನಲ್ಲಿ ಕಲಬುರಗಿಗೆ ಹಿಂತಿರುಗುವಾಗ ಇದನ್ನು ಒಂದು ಬಗೆಯ ಜಿದ್ದು ಎಂದೇ ಭಾವಿಸಿದೆ. ಹಳೆಯ ಅರಸನ ಕಡೆಯವರಿಗೆ ಸೋಲುವುದರಲ್ಲಿ ಒಂದು ಸುಖ ಇರಬೇಕು ಅಂದುಕೊಂಡೆ.

ಡೊಮಿಂಗೊ ಸೋತರು. ಹೆಚ್ಚು ಅಂತರದಿಂದೇನಲ್ಲ, ಆದರೆ ಸೋತರು. ಮುಂದಿನ ವಾರ ಅಂಕಣ ಬಂತು. ನನ್ನ ಕೊನೆಯ ಅಂಕಣಗಳಲ್ಲಿ ಅದೊಂದು. ತಲೆಬರಹ ಸಂಪಾದಕರೇ ಹಾಕಿದರು: ವಾಡಿಯ ಎಚೆವೆರಿಯಾ. ಬೇರೆ ಒಂದು ಪದವೂ ಇಲ್ಲ. ಅದಾಗಿ ಬಹಳ ಕಾಲ ಅವರು ಬದುಕಲಿಲ್ಲ. ಅವರು ಒತ್ತಿ ಎಳೆಯುತ್ತಿದ್ದ ಆ ಕೆಂಪು ಪೆನ್ಸಿಲಿನ ಗೆರೆಗಳ ಭಯವಿಲ್ಲದೆ ಬರೆಯುವುದು ನನಗೆ ಇಂದಿಗೂ ಸಲೀಸಾಗಿಲ್ಲ.

ಅಂಕಣ ಬಂದ ದಿನ ಶರಣಗೌಡರು ನನ್ನನ್ನು ಹುಡುಕಿಕೊಂಡು ಬಂದರು. ಗೆಲುವಿನ ಗುಲಾಲು ಅವರ ಅಂಗಿಯಿಂದ ಇನ್ನೂ ಪೂರಾ ಹೋಗಿರಲಿಲ್ಲ.

"ಇದು ನಿಮಗ ಯಾವಾಗ ಗೊತ್ತಾತು?"

"ಮತದಾನದ ಮೊದಲ."

"ಅವರಿಗಿ?"

"ಅವರಿಗೂ ಆಗಲೇ ಗೊತ್ತಾತು. ನಾನೇ ಹೇಳ್ದೆ."

ಶರಣಗೌಡರು ಎದುರಿನ ಕುರ್ಚಿಯಲ್ಲಿ ಕುಳಿತರು. "ನಾ ಹೊರಗಿನಾವನ ಸೋಲಸೀನಿ ಅಂತ ಊರೆಲ್ಲಾ ಪಟಾಕಿ ಹೊಡೆಸ್ದೆ" ಎಂದರು. ಎದ್ದು ಹೋದರು. ಅವರ ಬಾಯಿಂದ ಆ ಮಣ್ಣಿನ ಮಗನ ಮಾತು ಮತ್ತೆ ಬಂದದ್ದನ್ನು ನಾನು ಕೇಳಲಿಲ್ಲ.

ಸಂತೆಯ ದಿನ ನಾನು ವಾಡಿಗೆ ಹೋದೆ. ಡೊಮಿಂಗೊ ಚೀಲ ಹಿಡಿದು ಬದನೆಕಾಯಿ ಆರಿಸುತ್ತಿದ್ದರು. ಹಿಂದಿನ ಸಂಜೆ ಭಂಕೂರಕ್ಕೆ ಹೋಗಿ ಬಂದಿದ್ದರಂತೆ. ನಾಗಮ್ಮ ನೀರು ಕೊಟ್ಟಳು, ಕುಡಿದೆ, ಅಷ್ಟೇ ಮಾತು ಎಂದರು. ಅಷ್ಟರಲ್ಲಿ ಬದನೆಕಾಯಿಯ ಬಾಗವಾನ ಬಾಬುಮಿಯಾ ತಕ್ಕಡಿ ಎತ್ತಿ ಹಿಡಿದು ನಿಟ್ಟುಸಿರು ಬಿಟ್ಟ.

"ಏನ್ ದುಮಿಂಗ್ ಸಾಬ್, ನೀವು ಹಿಂಗ ಮಾಡಬಹುದಾ? ಭಂಕೂರದವರು ಅಂತ ಒಂದು ಮಾತು ಮೊದಲೇ ಹೇಳ್ತಿದ್ರ ನಮ್ಮ ಓಣಿ ವೋಟ್ ಪೂರಾ ನಿಮ್ಮ ಡಬ್ಬಿಗೇ ಬೀಳ್ತಿತ್ತು. ಮಂದಿ ಹೊರಗಿನಾವ ಅಂತ ಬಿಟ್ರು."

"ನೀ ಯಾರಿಗಿ ಹಾಕ್ದಿ?"

"ಅಲ್ಲಾ ಕಸಮ್, ನಿಮಗೇ. ನೀವು ಎಲ್ಲಿಯವರಾದ್ರ ನನಗೇನ್ರಿ? ಈ ಸಂತಿ ಉಳಸಿದವರು."

ಡೊಮಿಂಗೊ ಒಂದು ಬದನೆಕಾಯಿ ಎತ್ತಿ ತಿರುಗಿಸಿ ನೋಡಿ ಚೀಲಕ್ಕೆ ಹಾಕಿದರು.

"ಅದನ್ನೇ ನೋಡಬೇಕಿತ್ತು ಬಾಬುಮಿಯಾ. ಹೊರಗಿನಾವ ಅಂತ ತಿಳದೂ ಯಾರ್ಯಾರು ಹಾಕ್ತಾರ ಅಂತ. ಹಾಕ್ಯಾರ. ನನ್ನೋರು ಎಷ್ಟು ಮಂದಿ ಅಂತ ನನಗ ಈಗ ಗೊತ್ತದ. ಹೇಳಿ ಗೆದ್ದಿದ್ರ ಗೊತ್ತಾಗ್ತಿದ್ದಿಲ್ಲ."